‘ಸಾಧಾರಣ’ ಅನ್ನುವ ಮಾತು: ಪುಟ್ಟನಿಗೆ ದೊಡ್ಡಪ್ಪನ ಪತ್ರ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಬೆಂಗಳೂರಿಗೆ ಸುಖವಾಗಿ ತಲುಪಿದ್ದು ನಿನ್ನ ಅಮ್ಮ ಫೋನ್ ಮಾಡಿದಾಗ ಗೊತ್ತಾಯಿತು. ಹಿತ್ತಲಿನ ನಿಂಬೆಗಿಡ ಈ ಸಲ ಚೆನ್ನಾಗಿ ಬಿಟ್ಟಿದೆ. ಉಪ್ಪಿನಕಾಯಿ ಹಾಕಿದ್ದಾಗಿದೆ. ಕಳಿಯೋಕೆ ಇನ್ನೂ ಎರಡು ವಾರ ಬೇಕು.

ಈ ಮಾತನ್ನು ಫೋನಲ್ಲೇ ಹೇಳಬಹುದಿತ್ತು. ಆದರೆ ಫೋನಲ್ಲಿ ಹೇಳಿದರೆ ಬೈದ ಹಾಗೆ ಕೇಳಿಸುತ್ತದೆ. ನಿನ್ನನ್ನು ಬೈಯುವ ಮನಸ್ಸು ನನಗೆ ಖಂಡಿತ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದಸರಾ ರಜೆಗೆ ನೀನು ಬಂದಿದ್ದ ಐದು ದಿನದಲ್ಲಿ ನಾವೆಲ್ಲ ಸೇರಿ ನಾಲ್ಕು ಸಿನಿಮಾ ನೋಡಿದೆವು. ಹಜಾರದ ಟೀವಿಗೆ ವೈರು ಸಿಕ್ಕಿಸಿ, ನಿನ್ನ ಫೋನಿನಿಂದ ಎಲ್ಲ ಸರಿ ಮಾಡಿ ಕೊಟ್ಟವನು ನೀನೇ. ಅಜ್ಜಿಗೆ ಸರಿಯಾಗಿ ಕಾಣಲಿ ಅಂತ ಕುರ್ಚಿ ಹತ್ತಿರ ಎಳೆದು ಹಾಕಿದವನೂ ನೀನೇ. ಆ ನಾಲ್ಕು ರಾತ್ರಿ ನಮ್ಮ ಮನೆ ತುಂಬಿದ ಹಾಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೊನೆಯ ರಾತ್ರಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಹಾಕಿದ್ದೆ ಅಲ್ವಾ? ಹೇಮಂತ್ ರಾವ್ 2016ರಲ್ಲಿ ಮಾಡಿದ್ದು. ಮರೆವಿನ ಕಾಯಿಲೆ ಬಂದ ತಂದೆಯಾಗಿ ಅನಂತ್ ನಾಗ್. ಅವರು ಕಳೆದುಹೋದ ಮೇಲೆ ಮಗ ಊರೆಲ್ಲ ಹುಡುಕುತ್ತಾನೆ. ಅರ್ಧ ದಾಟುವ ಹೊತ್ತಿಗೆ ನೀನು, ‘ತುಂಬಾ ಸ್ಲೋ ದೊಡ್ಡಪ್ಪ, ಆವರೇಜ್ ಫಿಲ್ಮು, ಸ್ವಲ್ಪ ಫಾರ್ವರ್ಡ್ ಮಾಡ್ಲಾ?’ ಅಂದೆ. ಅಜ್ಜಿ ಎದ್ದು ಒಳಗೆ ಹೋದರು. ನಿದ್ದೆ ಬಂತೇನೋ ಅಂದುಕೊಂಡು ನೀನು ಟೀವಿ ಆರಿಸಿದೆ. ಅವರು ಮಲಗಿರಲಿಲ್ಲ. ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತಿದ್ದರು.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. 2009ರಲ್ಲಿ ನಿನಗೆ ನಾಲ್ಕು ವರ್ಷ. ಆ ವರ್ಷ ನಿನ್ನ ತಾತ ಒಂದು ಬೆಳಗ್ಗೆ ಹಾಲು ತರುತ್ತೇನೆ ಅಂತ ಹೋದವರು ಮನೆಗೆ ಬರಲಿಲ್ಲ. ಅವರಿಗೆ ಆಗಲೇ ಮರೆವು ಶುರುವಾಗಿತ್ತು. ನಮ್ಮ ಹೆಸರುಗಳನ್ನು ಅದಲು ಬದಲು ಮಾಡುತ್ತಿದ್ದರು. ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ ಅಂತ ನಾವು ಸುಮ್ಮನಿದ್ದೆವು. ಮಧ್ಯಾಹ್ನದ ತನಕ ಹುಡುಕಿ, ನಾನೂ ಅಜ್ಜಿಯೂ ಸ್ಟೇಷನ್ನಿಗೆ ಹೋದೆವು. ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ. ಅಜ್ಜಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಒಂದೊಂದೇ ಕೇಳಿ ಬರೆದುಕೊಂಡರು. ವಯಸ್ಸೆಷ್ಟು, ಉಟ್ಟಿದ್ದೇನು, ಎತ್ತರ ಎಷ್ಟು. ಅಜ್ಜಿಗೆ ಅಡಿ, ಅಂಗುಲ ಗೊತ್ತಿಲ್ಲ. ‘ನನಗಿಂತ ಒಂದು ಗೇಣು ಜಾಸ್ತಿ’ ಅಂದರು. ಅವರು ಅದನ್ನು ಲೆಕ್ಕ ಹಾಕಿ ಬರೆದರು. ಆಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದಿದರು. ‘ಗೋಧಿ ಬಣ್ಣ, ಸಾಧಾರಣ ಮೈಕಟ್ಟು.’

ಕಾಣೆಯಾದವರ ಪ್ರಕಟಣೆಯಲ್ಲಿ ಯಾವಾಗಲೂ ಹಾಗೇ ಬರೆಯುತ್ತಾರೆ. ರೇಡಿಯೋದಲ್ಲಿ, ಪೇಪರಿನಲ್ಲಿ ನಾವೆಲ್ಲ ಎಷ್ಟೋ ಸಲ ಕೇಳಿದ, ಓದಿದ ಮಾತೇ ಅದು. ಆದರೆ ಅಜ್ಜಿ ಆ ಮನುಷ್ಯರನ್ನೇ ನೋಡುತ್ತಾ, ‘ಸಾಧಾರಣ ಅಂತ ಯಾಕೆ ಬರೀತೀರಾ ಸ್ವಾಮಿ? ಎರಡು ಮೂಟೆ ರಾಗಿ ಹೊತ್ತ ಮೈ ಅದು’ ಅಂದರು. ನನಗೆ ಇವತ್ತಿಗೂ ಆ ಮಾತು ಕಿವಿಯಲ್ಲಿದೆ. ಮಾರನೇ ದಿನ ಮಧ್ಯಾಹ್ನ ತಾತ ಸಿಕ್ಕಿದರು, ತಾವು ಹುಟ್ಟಿದ ಊರಿನ ಕೆರೆ ಏರಿ ಮೇಲೆ. ಹತ್ತು ಮೈಲಿ ಹೇಗೆ ಹೋದರೋ ಗೊತ್ತಿಲ್ಲ. ಕೈಯಲ್ಲಿ ಹಾಲಿನ ಚೊಂಬು ಹಾಗೇ ಇತ್ತು.

ಈಗ ಆ ರಾತ್ರಿಯನ್ನು ಇನ್ನೊಂದು ಸಲ ನೆನಪು ಮಾಡಿಕೋ. ಅಜ್ಜಿ ನೋಡುತ್ತಿದ್ದದ್ದು ಅನಂತ್ ನಾಗ್ ಅವರನ್ನಲ್ಲ ಕಂದ. ಪಕ್ಕದಲ್ಲಿ ಕೂತ ಮೊಮ್ಮಗ ‘ಆವರೇಜ್’ ಅಂದ. ಅದು ಅದೇ ಪದ, ಭಾಷೆ ಮಾತ್ರ ಬೇರೆ.

ನಿನಗೆ ಇದೆಲ್ಲ ಗೊತ್ತಿರಲಿಲ್ಲ. ತಪ್ಪು ನಮ್ಮದು, ನಾವು ಹೇಳಿರಲಿಲ್ಲ. ಆದರೆ ನಾನು ನಿನ್ನನ್ನು ಕೇಳುವುದು ಇಷ್ಟೇ. ಸಿನಿಮಾ ಮುಗಿಯುವ ತನಕ ತೀರ್ಪು ಕೊಡಬೇಡ. ಮುಗಿದ ಮೇಲೆ, ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮೊದಲು ನೀನು ಏನು ನೋಡಿದೆ ಅಂತ ಒಂದು ಮಾತು ಹೇಳು.

ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನು, ಅದಕ್ಕೆ ನನ್ನ ಅಡ್ಡಿಯಿಲ್ಲ. ಅದೇ ಸಿನಿಮಾದಲ್ಲಿ ಆ ರೌಡಿಗಳ ಕಥೆ ನನಗೂ ಜಾಸ್ತಿ ಆಯಿತು ಅನ್ನಿಸಿತು. ತಂದೆ ಮಗನ ಕಥೆಯೇ ಸಾಕಿತ್ತು. ತಂದೆಯ ಬಗ್ಗೆ ಮಗನಿಗಿಂತ ಡಾಕ್ಟರಮ್ಮನಿಗೇ ಜಾಸ್ತಿ ಗೊತ್ತಿರುತ್ತದಲ್ಲ, ಅದನ್ನು ನೋಡುವಾಗ ನನ್ನ ಎದೆ ಭಾರವಾಯಿತು. ಆದರೆ ನಡುವೆ ಬಂದೂಕು ಬಂದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಹೀಗೆ ಹೇಳಿದರೆ ನೀನು ವಾದ ಮಾಡಬಹುದು. ‘ಇಲ್ಲ ದೊಡ್ಡಪ್ಪ, ಅದು ಇರಬೇಕಿತ್ತು, ಯಾಕೆಂದರೆ’ ಅಂತ ಶುರು ಮಾಡಬಹುದು. ‘ಆವರೇಜ್’ ಅಂದರೆ ಅದಕ್ಕೆ ನಾನೇನು ಹೇಳಲಿ? ಮಾತು ಅಲ್ಲಿಗೇ ನಿಂತುಹೋಗುತ್ತದೆ.

ನಾವು ಸಿನಿಮಾ ನೋಡಲು ಕಲಿತದ್ದು ಟೆಂಟಿನಲ್ಲಿ. ಮೈಕಿನಲ್ಲಿ ವೆಂಕಟೇಶನ ಹಾಡು ಹಾಕಿದರು ಅಂದರೆ ಟಿಕೆಟ್ ಕೊಡುವ ಹೊತ್ತಾಯಿತು ಅಂತ. ನಮ್ಮೂರಿಂದ ಮೂರು ಮೈಲಿ. ನೆಲದ ಟಿಕೆಟ್ ತೆಗೆದುಕೊಂಡು, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹಿಂದೆ ಕೂತವರು ಬೈದರೆ ಗುಡ್ಡೆ ಕಮ್ಮಿ ಮಾಡಬೇಕು. ರೀಲು ಬದಲಾಯಿಸುವಾಗ ದೀಪ ಹಾಕುತ್ತಿದ್ದರು. ಕಡಲೆಕಾಯಿ ಮಾರುವವನು ಒಳಗೆ ಬರುತ್ತಿದ್ದ.

ನೀನು ಮೊದಲ ರಾತ್ರಿ ಹಾಕಿದ ‘ಭೂತಯ್ಯನ ಮಗ ಅಯ್ಯು’ ನಾನು ಮೊದಲು ನೋಡಿದ್ದು ಹಾಗೆ. ಸಿದ್ದಲಿಂಗಯ್ಯನವರು ಮಾಡಿದ್ದು, ಬಿಡುಗಡೆಯಾಗಿದ್ದು 1974ರಲ್ಲಿ. ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಮತ್ತೂ ಒಂದು ವರ್ಷ ಆಗಿತ್ತು. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ನಮ್ಮ ಹಾಸನದ ಕಡೆಯವರು. ಮುಗಿದಾಗ ರಾತ್ರಿ ಒಂದು ಗಂಟೆ. ಲಾಟೀನು ಹಿಡಿದು ಹತ್ತು ಹನ್ನೆರಡು ಜನ ಗದ್ದೆ ಬದುವಿನ ಮೇಲೆ ಸಾಲಾಗಿ ನಡೆದು ಬಂದೆವು. ದಾರಿಯುದ್ದಕ್ಕೂ ಮಾತೇ ಮಾತು. ಒಬ್ಬರು ಲೋಕನಾಥ್ ಉಪ್ಪಿನಕಾಯಿಗೆ ಬಾಯಿ ಬಿಡುವುದನ್ನು ಮಾಡಿ ತೋರಿಸಿದರು. ನಿನಗೆ ಗೊತ್ತಾ, ಆ ಒಂದು ಸೀನಿನಿಂದ ಅವರಿಗೆ ಜೀವಮಾನ ಪೂರ್ತಿ ‘ಉಪ್ಪಿನಕಾಯಿ ಲೋಕನಾಥ್’ ಅಂತಲೇ ಹೆಸರು ನಿಂತಿತು. ಇನ್ನೊಬ್ಬರು ಸಾಲಕ್ಕೆ ಜಮೀನು ಕಳೆದುಕೊಂಡವರು. ಅವರು ಭೂತಯ್ಯನ ಪಾತ್ರ ಮಾಡಿದ ಎಂ.ಪಿ. ಶಂಕರ್ ಅವರನ್ನು ಬಾಯಿಗೆ ಬಂದ ಹಾಗೆ ಬೈದರು. ತಾತ ಮಾತ್ರ ಏನೂ ಹೇಳದೆ ಬಂದರು. ಮನೆ ಹತ್ತಿರ ಬಂದ ಮೇಲೆ, ‘ಅಪ್ಪ ಕೆಟ್ಟವನಾದರೆ ಅದರ ಭಾರ ಮಗ ಹೊರಬೇಕಾಗುತ್ತೆ ನೋಡು’ ಅಂದರು. ಆ ಮೂರು ಮೈಲಿಯಲ್ಲಿ ‘ಸೂಪರ್’ ಅಂತಾಗಲಿ ‘ವೇಸ್ಟ್’ ಅಂತಾಗಲಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ. ತಮ್ಮ ಕಣ್ಣಿಗೆ ಏನು ಬಿತ್ತೋ ಅದನ್ನು ಹೇಳುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ಒಂದೇ ಸಿನಿಮಾ ಹತ್ತು ಸಿನಿಮಾ ಆಗಿರುತ್ತಿತ್ತು.

ಈಗ ಮನೆಯಲ್ಲೇ ಕೂತು ನೋಡುತ್ತೇವೆ. ಮುಗಿದ ತಕ್ಷಣ ಪರದೆಯ ಮೇಲೆ ಇನ್ನೊಂದು ಸಿನಿಮಾ ಬಂದು ನಿಲ್ಲುತ್ತದೆ. ಆ ಮೂರು ಮೈಲಿ ನಡಿಗೆ ಇಲ್ಲ. ನನಗೆ ಬೇಸರ ಆಗುವುದು ಅದಕ್ಕೇ. ಮುಗಿದ ಮೇಲೆ ಟೀವಿ ಆರಿಸಿ ಹತ್ತು ನಿಮಿಷ ಜಗಲಿ ಮೇಲೆ ಕೂರೋಣ. ನಿನ್ನ ರೂಮಿನಲ್ಲೂ ಹಾಗೆ ಮಾಡಿ ನೋಡು. ಒಬ್ಬನೇ ಇದ್ದರೂ ಸರಿ. ಫೋನ್ ಕೆಳಗಿಟ್ಟು ಒಂದು ಸುತ್ತು ಹೊರಗೆ ನಡೆದು ಬಾ.

ನಿನಗೆ ನೋಡುವ ಕಣ್ಣು ಇದೆ. ಸುಮ್ನೆ ಹೊಗಳುತ್ತಿಲ್ಲ. ಎರಡನೇ ರಾತ್ರಿ ‘ತಿಥಿ’ ನೋಡಿದೆವಲ್ಲ, ರಾಮ್ ರೆಡ್ಡಿ ಮಾಡಿದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಹಾಕಿಕೊಂಡು ತೆಗೆದ ಸಿನಿಮಾ. ಅವರು ಯಾರೂ ನಟರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ಬೈಯುತ್ತಾ ಕೂತಿದ್ದು, ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯುತ್ತಾನೆ. ಆಗ ನೀನು ಜೋರಾಗಿ ನಕ್ಕೆ. ಅಜ್ಜಿಯೂ ನಕ್ಕರು. ಆಮೇಲೆ ನೀನು ಫೋನ್ ಕೈಗೆತ್ತಿಕೊಂಡೆ. ‘ಇದರಲ್ಲಿ ಏನೂ ಆಗೋದೇ ಇಲ್ವಲ್ಲ’ ಅಂದೆ. ಆದರೆ ಕೊನೆ ಕೊನೆಗೆ, ಫೋನಿನಿಂದ ತಲೆ ಎತ್ತಿ ಇನ್ನೊಂದು ಮಾತು ಹೇಳಿದೆ. ನಿನಗೆ ನೆನಪಿದೆಯೋ ಇಲ್ಲವೋ. ‘ದೊಡ್ಡಪ್ಪ, ಈ ಗಡ್ಡಪ್ಪ ಒಂದು ಕಡೆ ಕೂರೋದೇ ಇಲ್ಲ ಅಲ್ವಾ?’

ಪುಟ್ಟ, ಆ ಸಿನಿಮಾದ ಬೀಗದಕೈ ಅದೇ. ಅಪ್ಪ ಸೆಂಚುರಿ ಗೌಡ ಸತ್ತರೂ ಗಡ್ಡಪ್ಪ ನಡೆಯುತ್ತಲೇ ಇರುತ್ತಾನೆ. ಮಗ ಜಮೀನು ಮಾರಲು ಕಾಗದ ಪತ್ರ ಮಾಡಿಸುತ್ತಾ ಓಡಾಡುತ್ತಾನೆ, ಮೊಮ್ಮಗ ಹುಡುಗಿಯ ಹಿಂದೆ ಓಡಾಡುತ್ತಾನೆ, ಇವನು ಯಾವುದೂ ಬೇಡ ಅಂತ ನಡೆಯುತ್ತಾನೆ. ಒಂದು ಕಡೆ ಮಾತ್ರ ಕೂರುತ್ತಾನೆ. ರಾತ್ರಿ, ಕುರಿ ಕಾಯುವವರ ಜೊತೆ, ಬೆಂಕಿಯ ಮುಂದೆ. ಅಲ್ಲಿ ತನ್ನ ಕಥೆ ಹೇಳುತ್ತಾನೆ. ಯಾಕೆ ಯಾವತ್ತೂ ಮನೆಯಲ್ಲಿ ನಿಲ್ಲುವುದಿಲ್ಲ ಅಂತ ಆಗ ಗೊತ್ತಾಗುತ್ತದೆ. ಆ ಹೊತ್ತಿಗೆ ನೀನು ಫೋನ್ ನೋಡುತ್ತಿದ್ದೆ. ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದವನಿಗೆ ಅದರ ಉತ್ತರ ತಪ್ಪಿಹೋಯಿತಲ್ಲ ಅಂತ ನನಗೆ ಸಂಕಟ. ದಯವಿಟ್ಟು ಆ ಒಂದು ಸೀನು ಮತ್ತೆ ನೋಡು. ಓಡಿಸದೆ ನೋಡು.

‘ಗುಲಾಬಿ ಟಾಕೀಸ್’ ನಾನು ಕೇಳಿದ್ದಕ್ಕೆ ನೀನು ಹಾಕಿದ್ದು. ಗಿರೀಶ್ ಕಾಸರವಳ್ಳಿಯವರ 2008ರ ಸಿನಿಮಾ, ವೈದೇಹಿಯವರ ಕಥೆ. ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕುಂದಾಪುರದ ಕಡೆಯ ಮೀನುಗಾರರ ಊರು. ಗುಲಾಬಿಗೆ ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಆಕೆಗೆ ಒಂದು ಕಲರ್ ಟೀವಿ ಸಿಗುತ್ತದೆ. ಗಂಡಸರು ಸಮುದ್ರಕ್ಕೆ ಹೋದ ಮೇಲೆ ಹೆಂಗಸರೆಲ್ಲ ಅವಳ ಗುಡಿಸಲಿಗೆ ಬರುತ್ತಾರೆ. ಕೆಲವರು ಒಳಗೆ ಕೂರುತ್ತಾರೆ. ಕೆಲವರು ಹೊರಗೇ ನಿಂತು ನೋಡುತ್ತಾರೆ. ಅದು ಮುಸಲ್ಮಾನರ ಮನೆ ಅಂತ.

‘ಡಾಕ್ಯುಮೆಂಟರಿ ಥರ ಇದೆ’ ಅಂದೆ ನೀನು. ನಾನು ಆಗ ಸುಮ್ಮನಿದ್ದೆ. ನನಗೆ ನಮ್ಮ ಮನೆ ಕಾಣುತ್ತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಬೀದಿಗೆ ಮೊದಲ ಟೀವಿ ಬಂದಿದ್ದು ನಮ್ಮ ಮನೆಗೆ. ಭಾನುವಾರ ಸಂಜೆ ಸಿನಿಮಾಕ್ಕೆ ಹಜಾರ ತುಂಬುತ್ತಿತ್ತು. ಬೀದಿಯವರು ಚಾಪೆ ಮೇಲೆ. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಮತ್ತು ಅವಳ ಇಬ್ಬರು ಮಕ್ಕಳು ಕಿಟಕಿಯ ಆಚೆ. ಮೂರು ಗಂಟೆ ನಿಂತೇ ನೋಡುತ್ತಿದ್ದರು. ಚಿಕ್ಕ ಹುಡುಗಿ ಕಿಟಕಿಯ ಸರಳು ಹಿಡಿದು ಹಿಡಿದು ಅಂಗೈಗೆ ತುಕ್ಕಿನ ಬಣ್ಣ ಹತ್ತಿರುತ್ತಿತ್ತು. ನಾನಾಗ ಇಪ್ಪತ್ತೇಳು ವರ್ಷದವನು. ಒಳಗೆ ಬನ್ನಿ ಅಂತ ಒಂದು ದಿನವೂ ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಅಂತ ಆ ಸಿನಿಮಾ ನೋಡುವಾಗ ನನ್ನನ್ನೇ ಕೇಳಿಕೊಂಡೆ. ಇಷ್ಟು ವರ್ಷ ಆದ ಮೇಲೆ ಕೇಳಿಕೊಂಡೆ. ಇದನ್ನು ನಿನಗೆ ಆ ರಾತ್ರಿಯೇ ಹೇಳಬೇಕಿತ್ತು. ‘ಡಾಕ್ಯುಮೆಂಟರಿ ಥರ’ ಅನ್ನುವ ಮಾತಿಗೆ ಎದುರಾಗಿ ಇಷ್ಟು ದೊಡ್ಡ ಸಂಗತಿ ಹೇಳಲು ನನಗೆ ಬಾಯಿ ಬರಲಿಲ್ಲ. ನೀನು ‘ಆ ಹೆಂಗಸರು ಯಾಕೆ ಒಳಗೆ ಬರ್ತಿಲ್ಲ?’ ಅಂತ ಕೇಳಿದ್ದರೆ ಹೇಳುತ್ತಿದ್ದೆ.

ನಿನ್ನ ಸ್ನೇಹಿತರ ಜೊತೆ ಇರುವಾಗ ಒಂದೇ ಪದದಲ್ಲಿ ಹೇಳಿ ಮುಗಿಸಿದರೆ ಅವರಿಗೂ ಅರ್ಥವಾಗುತ್ತದೆ, ಸರಿ. ಅಲ್ಲಿ ಎಲ್ಲರೂ ಒಂದೇ ವಯಸ್ಸಿನವರು. ಮನೆಯಲ್ಲಿ ಹಾಗಲ್ಲ. ಒಂದೇ ಟೀವಿ ಮುಂದೆ ಎಂಬತ್ತೈದು ವರ್ಷದವರೂ ಇಪ್ಪತ್ತು ವರ್ಷದವರೂ ಕೂತಿರುತ್ತಾರೆ. ಯಾರಿಗೆ ಯಾವ ಸೀನು ಎಲ್ಲಿ ತಾಗುತ್ತದೋ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಪಕ್ಕಕ್ಕೆ ತಿರುಗಿ ನೋಡುತ್ತಾ ಇರು.

ಹಣದ ಅಡಚಣೆ ಇದ್ದರೆ ಸಂಕೋಚ ಇಲ್ಲದೆ ಹೇಳು. ರಾತ್ರಿ ಎರಡು ಗಂಟೆ ತನಕ ಸಿನಿಮಾ ನೋಡಿ ಬೆಳಗ್ಗೆ ಕ್ಲಾಸಿಗೆ ಹೋಗಬೇಡ, ಕಣ್ಣು ಕೆಡುತ್ತದೆ. ಊಟ ಬಿಡಬೇಡ.

ಇನ್ನೊಂದು. ನೀನು ಹೋದ ಮಾರನೇ ದಿನ ಕಾಫಿ ಕುಡಿಯುತ್ತಾ ಅಜ್ಜಿ ನನ್ನನ್ನು ಕೇಳಿದರು: ‘ಆ ಯಜಮಾನರು ಕೊನೆಗೆ ಸಿಕ್ಕಿದರಾ?’ ನನಗೆ ಗೊತ್ತು, ನಾನು ಮುಂಚೆಯೇ ನೋಡಿದ್ದೇನೆ. ಆದರೆ ಹೇಳಲಿಲ್ಲ. ಹಾಕಿ ತೋರಿಸಲಾ ಅಂದೆ. ‘ಬೇಡ, ಪುಟ್ಟ ಬರಲಿ’ ಅಂದರು. ಇನ್ನೂ ಒಂದು ಗಂಟೆಯಷ್ಟು ಬಾಕಿ ಇದೆ. ದೀಪಾವಳಿಗೆ ಎರಡು ದಿನ ಮುಂಚೆಯೇ ಬಾ. ಅಷ್ಟು ಹೊತ್ತಿಗೆ ಉಪ್ಪಿನಕಾಯಿಯೂ ಕಳಿತಿರುತ್ತದೆ.

ಇತಿ,
ನಿನ್ನ ದೊಡ್ಡಪ್ಪ