ಮೊದಲು ಮೇಜನ್ನು ನೋಡು

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ರೆಂಡರ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಬರೆದ 3ಡಿ ಚಿತ್ರ, ನೋಡಿದೆ. ಒಂದಲ್ಲ, ನಾಲ್ಕೈದು ಸಲ ನೋಡಿದೆ. ಹಳೇ ಮರದ ಮೇಜು, ಅದರ ಮೇಲೆ ಸ್ಟೀಲ್ ಮಗ್ಗು, ಹಿಂದೆ ಇಟ್ಟಿಗೆ ಗೋಡೆ. ಮಾಡೆಲಿಂಗ್ ಚೆನ್ನಾಗಿ ಬಂದಿದೆ. ಮಗ್ಗಿನ ಹಿಡಿ ಕೂಡುವ ಕಡೆ ಬೆಸುಗೆಯ ಗುರುತನ್ನೂ ಬಿಟ್ಟಿಲ್ಲ ನೀನು, ಅದನ್ನು ನೋಡಿ ಖುಷಿಯಾಯಿತು. ಆದರೆ ಕೆಳಗೆ ಬರೆದಿದ್ದೀಯಲ್ಲ, "ಎಲ್ಲದಕ್ಕೂ 8ಕೆ ಟೆಕ್ಸ್ಚರ್ ಹಾಕಿದ್ದೇನೆ, ಸ್ಯಾಂಪಲ್ 4096ಕ್ಕೆ ಏರಿಸಿದ್ದೇನೆ, ಆದರೂ ಪ್ಲಾಸ್ಟಿಕ್ ತರಹ ಕಾಣುತ್ತೆ ಅತ್ತೆ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ" ಅಂತ. ಸದ್ಯಕ್ಕೆ ಯಾವುದೂ ಬೇಡ. ಕಾರ್ಡ್ ದೊಡ್ಡದಾದರೆ ಇದೇ ಪ್ಲಾಸ್ಟಿಕ್ ಮೇಜು ಬೇಗ ಬರುತ್ತದೆ, ಅಷ್ಟೇ. ಟೆಕ್ಸ್ಚರ್ ಅಂದರೆ ಮೇಲ್ಮೈ ಹೇಗಿದೆ ಅಂತ ಹೇಳುವ ಚಿತ್ರ, ಮ್ಯಾಪ್ ಅಂತಲೂ ಅನ್ನುತ್ತೀವಲ್ಲ, 8ಕೆ ಅದರ ಅಳತೆ. ಸ್ಯಾಂಪಲ್ ಅಂದರೆ ಒಂದೊಂದು ಪಿಕ್ಸೆಲ್‌ಗೆ ಎಸೆಯುವ ಕಿರಣಗಳ ಎಣಿಕೆ. ಎರಡನ್ನೂ ಏರಿಸಿದರೆ ಈ ತಪ್ಪು ಹೋಗುವುದಿಲ್ಲ.

ಈಗ ನೀನು ಕೂತಿರುವ ಮೇಜನ್ನೇ ನೋಡು. ಎದ್ದು ಕಿಟಕಿಯ ಎದುರು ಬದಿಗೆ ಹೋಗು, ತಲೆ ಬಗ್ಗಿಸಿ ಮೇಜಿನ ಮೇಲ್ಮೈಗೆ ಕಣ್ಣು ಸಮನಾಗುವ ಹಾಗೆ ನೋಡು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿದೆಯಲ್ಲ, ಆ ಹೊಳಪು ಎಲ್ಲ ಕಡೆ ಒಂದೇ ಥರ ಇದೆಯಾ? ಮೊಣಕೈ ಊರುವ ಕಡೆ ಉಜ್ಜಿ ಉಜ್ಜಿ ನುಣುಪಾಗಿ ಜಾಸ್ತಿ ಹೊಳೆಯುತ್ತದೆ. ಲೋಟ ಇಟ್ಟ ಕಡೆ ಉಂಗುರದ ಕಲೆ ಮಂಕಾಗಿರುತ್ತದೆ. ಬೆರಳಚ್ಚು ನೇರವಾಗಿ ನೋಡಿದರೆ ಕಾಣುವುದೇ ಇಲ್ಲ, ಓರೆಯಾಗಿ ನೋಡಿದಾಗ ಮಾತ್ರ ಎದ್ದು ಕಾಣುತ್ತದೆ. ಇದರಲ್ಲಿ ಬಣ್ಣದ ಮಾತೇ ಇಲ್ಲ ಗಮನಿಸು. ಬಣ್ಣ ಎಲ್ಲ ಕಡೆ ಹೆಚ್ಚೂಕಮ್ಮಿ ಒಂದೇ. ಬದಲಾಗುತ್ತಿರುವುದು ಒರಟುತನ, ಅಂದರೆ ನಿನ್ನ ರಫ್‌ನೆಸ್. ನಿನ್ನ ಫೈಲ್ ತೆಗೆದು ನೋಡಿದೆ. ಬಣ್ಣದ ಮ್ಯಾಪ್ 8ಕೆ, ರಫ್‌ನೆಸ್ ಮಾತ್ರ ಇಡೀ ಮೇಜಿಗೆ 0.4 ಅಂತ ಒಂದೇ ಅಂಕಿ. ಪ್ಲಾಸ್ಟಿಕ್ ಬಂದದ್ದು ಅಲ್ಲಿಂದ. ಯಾವ ಜಾಗವೂ ಉಜ್ಜಿ ಸವೆದಿಲ್ಲ, ಯಾರೂ ಮುಟ್ಟಿಲ್ಲ, ಅಚ್ಚಿನಿಂದ ಈಗಷ್ಟೇ ತೆಗೆದ ಹಾಗಿದೆ.

ಟೆಕ್ಸ್ಚರ್ ಅಂದರೆ ಮೇಲೆ ಅಂಟಿಸುವ ಫೋಟೋ ಅಂತ ಎಲ್ಲರೂ ಶುರು ಮಾಡುತ್ತಾರೆ, ನಾನೂ ಹಾಗೇ ಶುರು ಮಾಡಿದ್ದು. 1974ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್‌ಮುಲ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ತೋರಿಸಿದ್ದೂ ಬಾಗಿದ ಮೇಲ್ಮೈಗೆ ಚಿತ್ರ ಹೊದಿಸುವುದನ್ನೇ. ಆದರೆ ನಾಲ್ಕೇ ವರ್ಷದಲ್ಲಿ ಜಿಮ್ ಬ್ಲಿನ್ ಒಂದು ತೊಂದರೆ ಎತ್ತಿದರು. ಒರಟಾದ ವಸ್ತುವಿನ ಫೋಟೋವನ್ನು ನುಣುಪಾದ ಮೇಲ್ಮೈಗೆ ಹೊದಿಸಿದರೆ ಅದು ಒರಟಾಗಿ ಕಾಣುವುದಿಲ್ಲ, ನುಣುಪಾದ ಗೋಡೆಯ ಮೇಲೆ ಒರಟುತನದ ಚಿತ್ರ ಬರೆದ ಹಾಗೆ ಕಾಣುತ್ತದೆ. ಯಾಕೆಂದರೆ ಫೋಟೋದಲ್ಲಿರುವ ನೆರಳು ಫೋಟೋ ತೆಗೆದಾಗಿನ ಬೆಳಕಿನದು, ನಿನ್ನ ದೃಶ್ಯದ ದೀಪದ್ದಲ್ಲ. ಹಾಗಾಗಿ ಅವರು ಚಿತ್ರದಿಂದ ಬಣ್ಣ ತೆಗೆದುಕೊಳ್ಳದೆ ಮೇಲ್ಮೈ ಎತ್ತ ಮುಖ ಮಾಡಿದೆ ಅನ್ನುವುದನ್ನೇ ಸ್ವಲ್ಪ ಅಲುಗಿಸಿದರು. ಬಂಪ್ ಮ್ಯಾಪಿಂಗ್ ಹುಟ್ಟಿದ್ದು ಹಾಗೆ, 1978ರಲ್ಲಿ. ಮೇಲ್ಮೈಯ ಪ್ರತಿ ಚುಕ್ಕಿ ಎತ್ತ ಮುಖ ಮಾಡಿದೆ ಅಂತ ಬಣ್ಣದ ಅಂಕಿಗಳಲ್ಲಿ ಬರೆದಿಡುವ ಇವತ್ತಿನ ನಾರ್ಮಲ್ ಮ್ಯಾಪ್ ಅದರ ಮೊಮ್ಮಗು.

ನಿನ್ನ ಇಟ್ಟಿಗೆ ಗೋಡೆಯಲ್ಲಿ ಆಗಿರುವುದು ಬ್ಲಿನ್ ಹೇಳಿದ್ದೇ ತೊಂದರೆ. ಸಂದುಗಳ ನೆರಳು ಎಡಕ್ಕೆ ಬಿದ್ದಿದೆ, ನಿನ್ನ ದೀಪವೂ ಎಡಕ್ಕೇ ಇದೆ! ಫೋಟೋವನ್ನು ಬಿಸಿಲಲ್ಲಿ ತೆಗೆದಿದ್ದೀಯ ಅಲ್ವಾ? ಇನ್ನು ಮುಂದೆ ಮೋಡದ ದಿನ ತೆಗಿ, ಇಲ್ಲವೇ ನೆರಳಿನಲ್ಲಿರುವ ಗೋಡೆ ಹುಡುಕು. ಬಣ್ಣದ ಮ್ಯಾಪ್‌ನಲ್ಲಿ ಬೆಳಕೂ ಇರಬಾರದು, ನೆರಳೂ ಇರಬಾರದು. ತೀರಾ ಕಪ್ಪು, ತೀರಾ ಬಿಳಿ ಕೂಡ ಬೇಡ. ಇದ್ದಿಲು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ವಾಪಸ್ ಕಳಿಸುತ್ತದೆ, ಹೊಸ ಹಿಮ ಎಂಬತ್ತು ತೊಂಬತ್ತು ಪಾಲು. ಇಟ್ಟಿಗೆಯ ಸಂದಿಗೆ ನೀನು ಸೊನ್ನೆ ಕೊಟ್ಟಿದ್ದೀಯ. ಇದ್ದಿಲಿಗಿಂತ ಕಪ್ಪಾದ ಗಾರೆ ನಾನಂತೂ ನೋಡಿಲ್ಲ.

ಮಗ್ಗಿನ ವಿಷಯ. ಮೆಟಾಲಿಕ್ 0.5 ಇಟ್ಟಿದ್ದೀಯ. ಅರ್ಧ ಲೋಹ ಅನ್ನುವುದು ಇಲ್ಲ ಕಣೋ. ಲೋಹವಾದರೆ 1, ಅಲ್ಲದಿದ್ದರೆ 0. ಧೂಳು, ತುಕ್ಕು ಲೋಹಕ್ಕೆ ತಾಗುವ ಅಂಚಿನಲ್ಲಿ ಮಾತ್ರ ನಡುವಿನ ಅಂಕಿ ಬರಬಹುದು. ಲೋಹಕ್ಕೆ ಸ್ವಂತ ಮಂಕು ಬಣ್ಣವೇ ಇಲ್ಲ, ಕಾಣುವುದೆಲ್ಲ ಪ್ರತಿಫಲನ. ಹಾಗಾಗಿ ಸುತ್ತ ಏನೂ ಇಲ್ಲದ ಕಪ್ಪು ಕೋಣೆಯಲ್ಲಿ ಸ್ಟೀಲ್ ಇಟ್ಟರೆ ಅದು ತೋರಿಸಲಿಕ್ಕಾದರೂ ಏನಿದೆ ಪಾಪ? ಒಂದು ಕಿಟಕಿ ಹಾಕು, ಬಿಳಿ ಹಲಗೆ ನಿಲ್ಲಿಸು, ಇಲ್ಲವೇ ಸುತ್ತಲಿನ ದೃಶ್ಯದ ಒಂದು ಎಚ್‌ಡಿಆರ್ ಚಿತ್ರ (ಪ್ರಖರ ಬೆಳಕನ್ನೂ ಕತ್ತಲನ್ನೂ ನಿಜವಾದ ಪ್ರಮಾಣದಲ್ಲಿ ಹಿಡಿದದ್ದು) ಹಾಕು. 1976ರಲ್ಲೇ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ ಸುತ್ತಲಿನ ಪರಿಸರವನ್ನೇ ಒಂದು ಟೆಕ್ಸ್ಚರ್ ಮಾಡಿ ಹೊಳೆಯುವ ವಸ್ತುವಿನಲ್ಲಿ ಪ್ರತಿಫಲಿಸಿ ತೋರಿಸಿದ್ದರು. ನಾವೆಲ್ಲ ಪರೀಕ್ಷೆಗೆ ಬಳಸುವ ಟೀಪಾಟ್ ಮಾಡೆಲ್ ಮಾಡಿದ್ದು ಇದೇ ನ್ಯೂವೆಲ್.

ಈಗ ನನ್ನ ಒಂದು ಪೆದ್ದುತನ ಹೇಳುತ್ತೇನೆ, ನಿನ್ನನ್ನು ಮಾತ್ರ ಬೈದರೆ ಸರಿಯಲ್ಲ. ಕೆಲಸಕ್ಕೆ ಸೇರಿದ ಹೊಸತು. ಒಂದು ಕಲ್ಲಿನ ಗೋಡೆಯ ದೃಶ್ಯ ನನ್ನ ಪಾಲಿಗೆ ಬಂದಿತ್ತು. ಏನೇ ಮಾಡಿದರೂ ಬೆಳಕು ತಪ್ಪು ಕಡೆಯಿಂದ ಬಂದ ಹಾಗೆ. ದೀಪ ಸರಿಸಿದೆ. ಇನ್ನೊಂದು ದೀಪ ಸೇರಿಸಿದೆ. ಒಂದು ವಾರ ಇದೇ ಆಯಿತು, ಕೊನೆಗೆ ಆ ದೃಶ್ಯದಲ್ಲಿ ಹನ್ನೊಂದು ದೀಪ ಇದ್ದವು. ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ಬಂದು ನೋಡಿ, ದೀಪಗಳ ಸುದ್ದಿಯನ್ನೇ ಎತ್ತದೆ, "ನಾರ್ಮಲ್ ಮ್ಯಾಪನ್ನ ಬಣ್ಣ ಅಂತ ಓದಿಸಿದ್ದೀಯೇನಮ್ಮ?" ಅಂದರು. ಹೌದು, ಓದಿಸಿದ್ದೆ.

ಏನಾಗುತ್ತದೆ ಅಂತ ಒಂದೇ ಪಿಕ್ಸೆಲ್ ಹಿಡಿದು ನೋಡು. ನಾರ್ಮಲ್ ಮ್ಯಾಪ್‌ನಲ್ಲಿ ಸಮತಟ್ಟಾದ ಜಾಗದ ಬೆಲೆ ಕೆಂಪು 128, ಹಸಿರು 128, ನೀಲಿ 255. ಕೆಂಪು ಅಡ್ಡಕ್ಕೆ ವಾಲಿದ್ದನ್ನು, ಹಸಿರು ಉದ್ದಕ್ಕೆ ವಾಲಿದ್ದನ್ನು ಹೇಳುತ್ತದೆ. ಆ ತಿಳಿ ನೇರಳೆ ಬಣ್ಣ ನಿನಗೆ ಗೊತ್ತಿರುವುದೇ. 128 ಅಂದರೆ ಅರ್ಧ, ಅಂದರೆ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ, ವಾಲಿಕೆ ಸೊನ್ನೆ. ಆದರೆ ಇದು ಎಸ್‌ಆರ್‌ಜಿಬಿ ಬಣ್ಣ, ಅಂದರೆ ಪರದೆಗಾಗಿ ಬರೆದಿಟ್ಟ ಬಣ್ಣ, ಅಂತ ಹೇಳಿಬಿಟ್ಟರೆ, ಪರದೆಯ ಲೆಕ್ಕದ ಅರ್ಧವನ್ನು ರೆಂಡರರ್ ನಿಜವಾದ ಬೆಳಕಿನ ಲೆಕ್ಕಕ್ಕೆ ತಿರುಗಿಸುತ್ತದೆ. ಆಗ 0.502 (255ರಲ್ಲಿ 128) ಇದ್ದದ್ದು 0.216 ಆಗುತ್ತದೆ. ವಾಲಿಕೆ ತಿಳಿಯಲು ಅದನ್ನು ಎರಡರಿಂದ ಗುಣಿಸಿ ಒಂದು ಕಳೆಯಬೇಕು, ಹಾಗೆ ಮಾಡಿದರೆ ಸೊನ್ನೆಯ ಬದಲು ಮೈನಸ್ 0.57. ಎರಡೂ ದಿಕ್ಕಿಗೂ ಹೀಗೇ. ಸಮತಟ್ಟಾದ ಗೋಡೆ ರೆಂಡರರ್ ಕಣ್ಣಿಗೆ ಸುಮಾರು 39 ಡಿಗ್ರಿ ವಾಲಿಕೊಂಡಿತು! ನಾನು ಆ ವಾಲಿಕೆಯನ್ನು ದೀಪಗಳಿಂದ ನೆಟ್ಟಗೆ ಮಾಡಲು ಹೊರಟಿದ್ದೆ. ಒಂದು ಮೆನುವಿನಲ್ಲಿ ಬಣ್ಣ ಅನ್ನುವುದನ್ನು ಬದಲಿಸಿ ಡೇಟಾ ಅಂತ ಮಾಡಿದೆ, ಹನ್ನೊಂದರಲ್ಲಿ ಒಂಬತ್ತು ದೀಪ ಅಳಿಸಿದೆ. ರಫ್‌ನೆಸ್, ಮೆಟಾಲಿಕ್, ಎತ್ತರದ ಮ್ಯಾಪ್, ಎಲ್ಲವೂ ಡೇಟಾನೇ. ಬಣ್ಣ ಅನ್ನಿಸಿಕೊಳ್ಳುವುದು ಕಣ್ಣು ನೋಡಬೇಕಾದ ಬಣ್ಣ ಮಾತ್ರ. ಹಾಗೇ ಇನ್ನೊಂದು, ಗುಂಡಿಗಳೆಲ್ಲ ಉಬ್ಬಿದ ಹಾಗೆ ಕಂಡರೆ ಮ್ಯಾಪ್‌ನ ಹಸಿರು ಚಾನೆಲ್ ತಿರುಗಿಸಿ ನೋಡು. ಕಾರ್ಡಿಗೆ ಚಿತ್ರ ಬರೆಯಲು ಹೇಳುವ ಓಪನ್‌ಜಿಎಲ್ ಪದ್ಧತಿಯಲ್ಲಿ ಅದು ಒಂದು ದಿಕ್ಕು, ಡೈರೆಕ್ಟ್‌ಎಕ್ಸ್ ಪದ್ಧತಿಯಲ್ಲಿ ಉಲ್ಟಾ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ, ನಿನಗೂ ಅದನ್ನೇ ಹೇಳುವುದು. ಚಿತ್ರದಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ಯಾವ ಅಂಕಿಯನ್ನೂ ಏರಿಸಬೇಡ. ಈ ತಪ್ಪು ಯಾವ ಹಂತದಲ್ಲಿ ಹುಟ್ಟಿತು ಅಂತ ಮೊದಲು ಹುಡುಕು. ಎಲ್ಲ ಮ್ಯಾಪ್ ತೆಗೆದು ಬೂದು ಬಣ್ಣ ಹಾಕಿ ರೆಂಡರ್ ಮಾಡು. ಆಗಲೂ ತಪ್ಪಿದ್ದರೆ ಅದು ಬೆಳಕಿನದೋ ಮಾಡೆಲಿನದೋ. ಇಲ್ಲದಿದ್ದರೆ ಒಂದೊಂದೇ ಮ್ಯಾಪ್ ವಾಪಸ್ ಹಾಕು. ಬೇಸರದ ಕೆಲಸ, ಗೊತ್ತು. ಆದರೆ ಒಂದು ವಾರ ದೀಪ ಸರಿಸುವುದಕ್ಕಿಂತ ವಾಸಿ.

ಗೇಮ್ ಎಂಜಿನ್ನಿನಲ್ಲಿ ಕ್ಯಾಮೆರಾ ತಿರುಗಿಸಿದ ವಿಡಿಯೋ ಕಳಿಸಿದ್ದೆಯಲ್ಲ, ಅದರಲ್ಲಿ ಗೋಡೆಯೆಲ್ಲ ಮಿಣ ಮಿಣ ಅನ್ನುತ್ತಿದೆ. "ಮಿಪ್‌ಮ್ಯಾಪ್ ಆಫ್ ಮಾಡಿದೆ, ಇಲ್ಲದಿದ್ದರೆ ಮಸುಕಾಗುತ್ತೆ" ಅಂತ ಬೇರೆ ಬರೆದಿದ್ದೀಯ. ಮಿಪ್‌ಮ್ಯಾಪ್ ಅಂದರೆ ಟೆಕ್ಸ್ಚರಿನ ಮೊದಲೇ ಮಾಡಿಟ್ಟ ಚಿಕ್ಕ ಚಿಕ್ಕ ಪ್ರತಿಗಳು. ಸ್ವಲ್ಪ ಲೆಕ್ಕ ಹಾಕು. 8ಕೆ ಅಂದರೆ 8192ಕ್ಕೆ 8192, ಒಟ್ಟು 6.7 ಕೋಟಿ ಟೆಕ್ಸೆಲ್, ಅಂದರೆ ಟೆಕ್ಸ್ಚರಿನ ಚುಕ್ಕಿಗಳು. ನಿನ್ನ ಪರದೆ 1920ಕ್ಕೆ 1080, ಒಟ್ಟು 20 ಲಕ್ಷ ಚಿಲ್ಲರೆ ಪಿಕ್ಸೆಲ್. ಗೋಡೆ ಅದರಲ್ಲಿ ಮೂರನೇ ಒಂದು ಭಾಗ. ಅಂದರೆ ಪರದೆಯ ಒಂದೊಂದು ಪಿಕ್ಸೆಲ್‌ಗೂ ಸುಮಾರು ನೂರು ಟೆಕ್ಸೆಲ್ ಪೈಪೋಟಿ. ಮಿಪ್‌ಮ್ಯಾಪ್ ಇಲ್ಲದಿದ್ದರೆ ಕಾರ್ಡ್ ಆ ನೂರರಲ್ಲಿ ಒಂದನ್ನೋ ನಾಲ್ಕನ್ನೋ ಎತ್ತಿಕೊಳ್ಳುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೆ ಬೇರೆ ಟೆಕ್ಸೆಲ್ ಸಿಗುತ್ತದೆ, ಬಣ್ಣ ಹಾರುತ್ತದೆ. ನೀನು ಶಾರ್ಪ್ ಅಂದುಕೊಂಡಿದ್ದು ಈ ಹಾರಾಟವನ್ನೇ.

1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಕೊಟ್ಟ ಈ ಮಿಪ್‌ಮ್ಯಾಪ್ ಉಪಾಯ ಬಹಳ ಸರಳ. ಚಿತ್ರವನ್ನು ಮೊದಲೇ ಅರ್ಧಕ್ಕೆ, ಅದರ ಅರ್ಧಕ್ಕೆ ಇಳಿಸುತ್ತಾ ಒಂದೇ ಟೆಕ್ಸೆಲ್ ಉಳಿಯುವವರೆಗೆ ಮಾಡಿಟ್ಟುಕೋ. ನಿನ್ನ 8ಕೆಗೆ ಒಟ್ಟು 14 ಮೆಟ್ಟಿಲು. ಕೊನೆಯ ಮೆಟ್ಟಿಲಲ್ಲಿ ಇಡೀ ಇಟ್ಟಿಗೆ ಗೋಡೆ ಒಂದೇ ಒಂದು ಕೆಂಚು ಚುಕ್ಕೆ. ದೂರಕ್ಕೆ ತಕ್ಕ ಮೆಟ್ಟಿಲಿನಿಂದ ಬಣ್ಣ ತಗೋ, ಸರಾಸರಿಯ ಕೆಲಸ ಮೊದಲೇ ಆಗಿರುತ್ತದೆ. ಇಷ್ಟಕ್ಕೆಲ್ಲ ಹೆಚ್ಚಿಗೆ ಹಿಡಿಯುವ ಜಾಗ ಮೂರನೇ ಒಂದು ಪಾಲು ಮಾತ್ರ. ಮಿಪ್ ಅನ್ನುವುದೇ "ಚಿಕ್ಕ ಜಾಗದಲ್ಲಿ ಬಹಳಷ್ಟು" ಅನ್ನುವ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ಓರೆಯಾಗಿ ದೂರಕ್ಕೆ ಹೋಗುವ ನೆಲ, ಗೋಡೆ ಮಸುಕಾಗುತ್ತದೆ ಅನ್ನುವ ನಿನ್ನ ದೂರು ನಿಜವೇ. ಅದಕ್ಕೆ ಓರೆಯ ಉದ್ದಕ್ಕೂ ಹೆಚ್ಚು ಟೆಕ್ಸೆಲ್ ಎತ್ತಿಕೊಳ್ಳುವ ಅನಿಸೊಟ್ರಾಪಿಕ್ ಫಿಲ್ಟರ್ ಇದೆ, 8ಕ್ಕೋ 16ಕ್ಕೋ ಇಡು. ಮಿಪ್‌ಮ್ಯಾಪ್ ಆಫ್ ಮಾಡುವುದು ನೆಗಡಿಗೆ ಮೂಗು ಕೊಯ್ದ ಹಾಗೆ.

(ನಾರ್ಮಲ್ ಮ್ಯಾಪನ್ನು ಹೀಗೆ ಸರಾಸರಿ ಮಾಡಿದರೆ ಉಬ್ಬುತಗ್ಗು ಮಾಯವಾಗಿ ದೂರದ ಗೋಡೆ ಒದ್ದೆಯಾದಂತೆ ಹೊಳೆಯುತ್ತದೆ. ಅಲ್ಲಿ ಕಳೆದುಹೋದ ಒರಟುತನವನ್ನು ರಫ್‌ನೆಸ್ ಮೆಟ್ಟಿಲುಗಳಿಗೆ ಸೇರಿಸಬೇಕು. ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡ, ಕಂಡಾಗ ನೆನಪಿದ್ದರೆ ಸಾಕು.)

ಜಾಗದ ಮಾತು ಬಂತಲ್ಲ. ಒಂದು 8ಕೆ ಮ್ಯಾಪ್, ಕಂಪ್ರೆಸ್ ಮಾಡದಿದ್ದರೆ, 256 ಎಂಬಿ. ನಾಲ್ಕು ಮ್ಯಾಪ್ ಸೇರಿದರೆ ಒಂದು ಜಿಬಿ, ಬರೀ ಮೇಜಿಗೆ! 2ಕೆ ಮಾಡಿದರೆ ಒಂದು ಮ್ಯಾಪ್ 16 ಎಂಬಿ, ಬಿಸಿ7 ಕಂಪ್ರೆಷನ್ ಹಾಕಿದರೆ 4. ನಿನ್ನ ಕಾರ್ಡ್ ಚಿಕ್ಕದಾಗಿಲ್ಲ.

ಸ್ಯಾಂಪಲ್‌ನದೂ ಇದೇ ಕಥೆ. ಪಾತ್ ಟ್ರೇಸಿಂಗ್‌ಗೆ ಬುನಾದಿಯಾದ ಸಮೀಕರಣ 1986ರಲ್ಲಿ ಜೇಮ್ಸ್ ಕಜಿಯಾ ಕೊಟ್ಟದ್ದು. ಕಿರಣಗಳನ್ನು ಲಾಟರಿ ಎತ್ತಿದ ಹಾಗೆ ಎಸೆದು ಸರಾಸರಿ ಹಿಡಿಯುವ ಲೆಕ್ಕವೇ ಪಾತ್ ಟ್ರೇಸಿಂಗ್. ಲಾಟರಿಯ ಗುಣ ಏನೆಂದರೆ, ಚಿತ್ರದಲ್ಲಿ ಕಾಣುವ ಕಾಳುಕಾಳು (ನಾಯ್ಸ್) ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು. 1024ರಿಂದ 4096ಕ್ಕೆ ಹೋಗಿ ನೀನು ಗಳಿಸಿದ್ದು ಅಷ್ಟೇ, ಕಾದದ್ದು ಮಾತ್ರ ನಾಲ್ಕು ಪಟ್ಟು. ಮಗ್ಗಿನ ಪಕ್ಕ ಆ ಬಿಳಿ ಚುಕ್ಕಿಗಳು, ಫೈರ್‌ಫ್ಲೈ ಅನ್ನುತ್ತೀವಲ್ಲ, ಅವು ಎಷ್ಟು ಸ್ಯಾಂಪಲ್ ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ. ಸಾಸಿವೆಯಷ್ಟು ಚಿಕ್ಕದಾದ, ವಿಪರೀತ ಪ್ರಖರವಾದ ದೀಪ ಇಟ್ಟಿದ್ದೀಯ. ಮೇಜಿನಿಂದ ಹೊರಟು ಮಗ್ಗಿಗೆ ತಾಗಿ ಆ ದೀಪವನ್ನು ಮುಟ್ಟುವ ಕಿರಣ ಲಕ್ಷಕ್ಕೊಂದು, ಸಿಕ್ಕಾಗ ಒಂದೇ ಪಿಕ್ಸೆಲ್‌ಗೆ ಬಂಪರ್ ಬಹುಮಾನ. ದೀಪವನ್ನು ದೊಡ್ಡದು ಮಾಡಿ ಮಂದ ಮಾಡು. ಉಳಿದ ಕಾಳಿಗೆ ಡಿನಾಯ್ಸರ್ ಇದೆ, ನಾಚಿಕೆಪಡದೆ ಬಳಸು. ಆದರೆ ಅದಕ್ಕೆ ಆಲ್ಬಿಡೊ (ಬೆಳಕು ನೆರಳಿಲ್ಲದ ಬರೀ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈಯ ದಿಕ್ಕು) ಪಾಸ್‌ಗಳನ್ನೂ, ಅಂದರೆ ಬೇರೆಯಾಗಿ ತೆಗೆದ ಚಿತ್ರಗಳನ್ನೂ, ಕೊಡು. ಇಲ್ಲದಿದ್ದರೆ ಮರದ ಎಳೆ ಯಾವುದು, ಕಾಳು ಯಾವುದು ಅಂತ ಅದಕ್ಕೆ ಗೊತ್ತಾಗದೆ ಎರಡನ್ನೂ ಒರೆಸಿಬಿಡುತ್ತದೆ.

ಯುವಿ, ಅಂದರೆ ಟೆಕ್ಸ್ಚರಿನ ಯಾವ ಜಾಗ ಮಾಡೆಲಿನ ಯಾವ ಜಾಗಕ್ಕೆ ಅಂತ ಹೇಳುವ ಅಂಕಿಗಳು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೌಕಳಿ ಟೆಕ್ಸ್ಚರ್ ಹಾಕಿ ನೋಡು. ಚೌಕ ಎಲ್ಲ ಕಡೆ ಚೌಕವಾಗಿ, ಒಂದೇ ಅಳತೆಯಲ್ಲಿ ಕಂಡರೆ ಸರಿ. ಟೆಕ್ಸ್ಚರಿನಲ್ಲಿ ಹರಡಿದ ಮೇಲ್ಮೈಯ ತುಂಡುಗಳ ಮಧ್ಯೆ ಸ್ವಲ್ಪ ಜಾಗ ಬಿಡು, ಇಲ್ಲದಿದ್ದರೆ ಮಿಪ್‌ಮ್ಯಾಪ್‌ನ ಕೆಳಗಿನ ಮೆಟ್ಟಿಲುಗಳಲ್ಲಿ ಪಕ್ಕದ ಬಣ್ಣ ಸೋರಿ ಹೊಲಿಗೆ ಕಾಣುತ್ತದೆ.

ಬಿಡುವಿದ್ದಾಗ ಒಂದು ತ್ರಿಕೋನಕ್ಕೆ ಟೆಕ್ಸ್ಚರ್ ಹೊದಿಸುವ ಪ್ರೋಗ್ರಾಮ್ ಅನ್ನು ಕಾರ್ಡಿನ ಸಹಾಯವಿಲ್ಲದೆ ನೀನೇ ಬರಿ. ಯು, ವಿ ಬೆಲೆಗಳನ್ನು ಪರದೆಯ ಮೇಲೆ ಸುಮ್ನೆ ಸಮವಾಗಿ ಹಂಚಿದರೆ ನೆಲದ ಚೌಕಗಳು ಕರ್ಣದ ಗೆರೆಯಲ್ಲಿ ಮುರಿದುಕೊಳ್ಳುತ್ತವೆ. ಮೊದಲ ಪ್ಲೇಸ್ಟೇಷನ್ ಆಟಗಳಲ್ಲಿ ನೆಲ ಈಜಾಡುತ್ತಿದ್ದದ್ದು ಇದೇ ಕಾರಣಕ್ಕೆ. ಎರಡನ್ನೂ ಆಳದಿಂದ ಭಾಗಿಸಿ ಹಂಚಿ, ಕೊನೆಗೆ ಒಂದು ಭಾಗಾಕಾರದಿಂದ ವಾಪಸ್ ತಂದರೆ ಗೆರೆ ನೆಟ್ಟಗಾಗುತ್ತದೆ. ಅದು ಕಣ್ಣೆದುರು ನೆಟ್ಟಗಾಗುವುದನ್ನು ನೋಡಬೇಕು ನೀನು, ನಾನು ಆ ದಿನ ಕುರ್ಚಿಯಿಂದ ಎದ್ದುಬಿಟ್ಟಿದ್ದೆ.

ಮುಂದಿನ ಸಲ ಇದೇ ದೃಶ್ಯ ಕಳಿಸು. ಬೂದು ಬಣ್ಣದ್ದೊಂದು, ಮೇಜಿಗೆ ರಫ್‌ನೆಸ್ ಮ್ಯಾಪ್ ಹಾಕಿದ್ದೊಂದು, ಎರಡೇ ಸಾಕು. 512 ಸ್ಯಾಂಪಲ್, 2ಕೆ ಟೆಕ್ಸ್ಚರ್. ಆ ಲೋಟದ ಉಂಗುರ ಎಲ್ಲಿ ಹಾಕಬೇಕು ಅಂತ ನಿನ್ನ ಮೇಜು ನೋಡಿಯೇ ತೀರ್ಮಾನ ಮಾಡು. ಹಾಂ, ಮೇಜಿನ ಅಡಿಭಾಗಕ್ಕೆ ಯಾವ ಟೆಕ್ಸ್ಚರ್ ಹಾಕಿದ್ದೀಯ? ಅಲ್ಲೂ 8ಕೆ ಇದ್ದರೆ ಫೋನ್ ಮಾಡಿ ಬೈಯುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ