ಗಾಳದ ತತ್ತಿಗೆ ಕಲ್ಲುಪ್ಪು ಸಾಕು, ಬಿಳಿಗಾರ ಬೇಡ

ಮಾನ್ಯ ಸಂಪಾದಕರೇ,

ಮುನಿರಾಬಾದಿನಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ನಾನು ಇಪ್ಪತ್ತೈದು ವರ್ಷಗಳಿಂದ ಭಾನುವಾರಗಳನ್ನು ತುಂಗಭದ್ರಾ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಗಾಳ ಹಿಡಿದು ಕಳೆಯುತ್ತ ಬಂದವನು. ಈಚಿನ ವರ್ಷಗಳಲ್ಲಿ ಕೊಪ್ಪಳ, ಗಂಗಾವತಿ ಕಡೆಯ ಹುಡುಗರೂ ಗಾಳದ ಕೋಲು ಹಿಡಿದು ಅಲ್ಲಿಗೆ ಬರತೊಡಗಿದ್ದಾರೆ. ಅದನ್ನು ಕಂಡು ನನಗೆ ಸಂತೋಷವೇ ಆಗಿದೆ. ಆದರೆ ಕಳೆದ ಎರಡು ಮುಂಗಾರುಗಳಿಂದ ಅವರಲ್ಲಿ ಕೆಲವರು ನನ್ನ ಅಂಗಡಿಗೆ ಬಂದು, ಹಿತ್ತಾಳೆ ಬೆಸುಗೆಗೆ ಬಳಸುವ ಬಿಳಿಗಾರವನ್ನು (ಬೋರಾಕ್ಸ್) ನೂರು ಗ್ರಾಂ, ಇನ್ನೂರು ಗ್ರಾಂ ಕೊಡಿ ಎಂದು ಕೇಳುತ್ತಿದ್ದಾರೆ. ಏತಕ್ಕೆಂದು ವಿಚಾರಿಸಿದರೆ, ಮೀನಿನ ತತ್ತಿಯನ್ನು ಹದ ಮಾಡಿ ಗಾಳಕ್ಕೆ ಎರೆಯಾಗಿ ಕೂಡಿಡುವುದಕ್ಕೆ ಎನ್ನುತ್ತಾರೆ. ಅಮೆರಿಕದಲ್ಲಿ ಸಾಲ್ಮನ್ ಮೀನು ಹಿಡಿಯುವವರ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ ಇದು. ಅದನ್ನು ಅವರಿಗಿಂತ ಮೊದಲೇ ಕಲಿತು, ಅದರಿಂದ ನನ್ನ ಮನೆಯಲ್ಲಿಯೇ ಆಗಬಹುದಾಗಿದ್ದ ಒಂದು ಅನಾಹುತವನ್ನು ಕಣ್ಣಾರೆ ಕಂಡಿರುವುದರಿಂದ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನನ್ನ ಅಕ್ಕನ ಮಗ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಸಮುದ್ರದಲ್ಲಿ ಬೆಳೆದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ತಾವು ಹುಟ್ಟಿದ ಹೊಳೆಗಳಿಗೇ ಮರಳಿ ಬರುವ ಕಾಲದಲ್ಲಿ ಅವನೂ ಪರವಾನಗಿ ಪಡೆದು ಗಾಳಕ್ಕೆ ಹೋಗುತ್ತಾನೆ. ಒಮ್ಮೆ ಫೋನಿನಲ್ಲಿ ತತ್ತಿ ಹದ ಮಾಡುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನನಗೆ ತೋರಿಸಿದ. ಹೆಣ್ಣು ಮೀನು ಕೈಗೆ ಸಿಕ್ಕ ಕೂಡಲೇ ಕಿವಿರನ್ನು ಕತ್ತರಿಸಿ ನೆತ್ತರನ್ನು ಪೂರ್ತಿ ಬಸಿಯಬೇಕು, ಏಕೆಂದರೆ ತತ್ತಿಯಲ್ಲಿ ಉಳಿದ ನೆತ್ತರೇ ಮೊದಲು ಕೊಳೆಯುವುದು. ಹೊಟ್ಟೆ ಸೀಳಿದಾಗ ಕಿತ್ತಳೆ ಬಣ್ಣದ ಎರಡು ಉದ್ದನೆಯ ಗೊಂಚಲುಗಳು ಬಂದವು. ತೆಳುವಾದ ಪೊರೆಗೆ ಅಂಟಿಕೊಂಡಿದ್ದ ಒಂದೊಂದು ತತ್ತಿಯೂ ಬಟಾಣಿ ಕಾಳಿನಷ್ಟಿತ್ತು. ಪೊರೆಯೊಳಗಿನ ಸಣ್ಣ ನರಗಳಲ್ಲಿ ನಿಂತಿದ್ದ ನೆತ್ತರನ್ನು ಅವನು ಚಮಚದ ಬೆನ್ನಿನಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ತತ್ತಿ ಒಡೆಯದ ಹಾಗೆ, ಮೆಲ್ಲಗೆ ಒತ್ತುತ್ತ ಹೊರತೆಗೆದ ನಾಜೂಕನ್ನು ನಾನು ಮರೆತಿಲ್ಲ. "ಮಾಮಾ, ಏನರ ಮಾಡ್ರಿ, ನೀರು ಮಾತ್ರ ತಾಗಿಸಬ್ಯಾಡ್ರಿ" ಎಂದು ಎರಡು ಸಲ ಹೇಳಿದ. ಸಿಹಿನೀರು ತಾಗಿದರೆ ತತ್ತಿ ನೀರು ಹೀರಿ ಗಡುಸಾಗುತ್ತದೆ, ಹದ ಕೆಡುತ್ತದೆ.

ಆಮೇಲೆ ಗೊಂಚಲನ್ನು ಉದ್ದಕ್ಕೆ ಬಿಡಿಸಿ ಪುಡಿ ಉದುರಿಸುತ್ತಾರೆ. ಅಯೋಡಿನ್ ಬೆರೆಸದ ಉಪ್ಪು, ಸಕ್ಕರೆ, ಬಿಳಿಗಾರ, ಸೋಡಿಯಂ ಸಲ್ಫೈಟ್, ಕೆಂಪು ಅಥವಾ ಕಿತ್ತಳೆ ಬಣ್ಣ: ಇವೇ ಆ ಪುಡಿಯ ಮುಖ್ಯ ಸಾಮಗ್ರಿಗಳು. ಉಪ್ಪು ತತ್ತಿಯೊಳಗಿನ ನೀರನ್ನು ಹೊರಗೆಳೆದು ಕೊಳೆಯುವುದನ್ನು ತಡೆಯುತ್ತದೆ. ಸಕ್ಕರೆ ತತ್ತಿ ತೀರಾ ಒಣಗಿ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. ಬಿಳಿಗಾರದಿಂದ ಹೊರಪೊರೆ ಬಿಗಿಯಾಗುತ್ತದೆ, ಬೂಸ್ಟು ಹಿಡಿಯುವುದಿಲ್ಲ. ಸಲ್ಫೈಟ್ ಬಣ್ಣ ಮಾಸದಂತೆ ಕಾಯುತ್ತದೆ. ಒಂದೆರಡು ಗಂಟೆಗಳಲ್ಲಿ ತತ್ತಿಗಳು ರಸ ಬಿಟ್ಟು ಸೊರಗಿದಂತೆ ಕಾಣುತ್ತವೆ. ಡಬ್ಬಿಯನ್ನು ಆಗಾಗ ಮಗುಚಿಡುತ್ತ ಒಂದು ದಿನ ಬಿಟ್ಟರೆ ಅದೇ ರಸವನ್ನು ಮರಳಿ ಹೀರಿ ದುಂಡಗಾಗುತ್ತವೆ. ಬಳಿಕ ಬಸಿದು, ನೆರಳಿನಲ್ಲಿ ಆರಿಸಿ, ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ, ಗಾಳಿಯಾಡದಂತೆ ಮುಚ್ಚಿ ಮಂಜುಗಟ್ಟಿಸಿದರೆ ಮುಂದಿನ ಹಂಗಾಮಿನವರೆಗೂ ಬರುತ್ತವೆ. ಅಲ್ಲಿನ ಜನ ಹಲವು ತಲೆಮಾರುಗಳಿಂದ ತಿದ್ದುತ್ತ ಬಂದಿರುವ ಕಸುಬು ಇದು. ಇದರ ಬಗ್ಗೆ ನನಗೆ ಗೌರವವಿದೆ.

ಗೌರವವಿದ್ದರೂ ಅದನ್ನು ಇದ್ದ ಹಾಗೆಯೇ ಇಲ್ಲಿಗೆ ತರಬಾರದೆಂಬುದು ನನ್ನ ಅನುಭವ. ಎರಡು ವರ್ಷಗಳ ಹಿಂದಿನ ಮುಂಗಾರಿನಲ್ಲಿ ಅಂಗಡಿಯ ಡಬ್ಬಿಯಿಂದಲೇ ಬಿಳಿಗಾರ ತೆಗೆದು, ಉಪ್ಪು, ಸಕ್ಕರೆ, ಕೆಂಪು ಬಣ್ಣ ಬೆರೆಸಿ ಅರ್ಧ ಕಿಲೋ ತತ್ತಿಯನ್ನು ಹದ ಮಾಡಿದೆ. ಖಾಲಿಯಾಗಿದ್ದ ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿ, ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟೆ. ಯಾರಿಗೂ ಹೇಳಲಿಲ್ಲ, ಮೇಲೆ ಚೀಟಿಯನ್ನೂ ಅಂಟಿಸಲಿಲ್ಲ. ನಮ್ಮ ಭಾಗದಲ್ಲಿ ಮೀನಿನ ತತ್ತಿಯೆಂದರೆ ಮಕ್ಕಳು ಕಾದು ಕೂತು ತಿನ್ನುವ ಪದಾರ್ಥ; ಖಾರ, ಅರಿಶಿಣ, ಬೆಳ್ಳುಳ್ಳಿ ಹಾಕಿ ಹಂಚಿನ ಮೇಲೆ ಹುರಿದರೆ ಜೋಳದ ರೊಟ್ಟಿಗೆ ಬೇರೆ ಪಲ್ಯ ಬೇಕಿಲ್ಲ. ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅವ್ವ ಆ ಬಾಟಲಿಯ ತತ್ತಿಯನ್ನು ಹಂಚಿಗೆ ಹಾಕಿ ಆಗಿತ್ತು. ಪಕ್ಕದಲ್ಲಿ ಐದು ವರ್ಷದ ಮೊಮ್ಮಗಳು ತಟ್ಟೆಯಲ್ಲಿ ರೊಟ್ಟಿ ಮುರಿದಿಟ್ಟುಕೊಂಡು ಕುಳಿತಿದ್ದಳು. ಎಣ್ಣೆಯಲ್ಲಿ ಬಿಟ್ಟಿದ್ದ ಆ ಗುಲಾಬಿ ಬಣ್ಣವನ್ನು ನೋಡಿ ನನ್ನ ಎದೆ ಝಲ್ಲೆಂದಿತು. ಹಂಚನ್ನು ಹಾಗೆಯೇ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದೆ. ಇದರಲ್ಲಿ ಅವ್ವನ ತಪ್ಪೇನೂ ಇರಲಿಲ್ಲ. ತಿನ್ನುವ ಪದಾರ್ಥದಂತೆ ಕಾಣುವುದನ್ನು, ತಿನ್ನುವ ಪದಾರ್ಥ ಇಡುವ ಬಾಟಲಿಯಲ್ಲಿ, ತಿನ್ನುವ ಪದಾರ್ಥ ಇಡುವ ಜಾಗದಲ್ಲಿ ಇಟ್ಟವನು ನಾನು.

ಬಿಳಿಗಾರವನ್ನು ಆಹಾರದಲ್ಲಿ ಬೆರೆಸುವುದಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗುತ್ತದೆ, ಪ್ರಮಾಣ ಹೆಚ್ಚಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ಚಿಕ್ಕ ಮಕ್ಕಳಿಗಂತೂ ಸ್ವಲ್ಪ ಪ್ರಮಾಣವೂ ಅಪಾಯಕಾರಿ. ಹುರಿದರೂ ಬೇಯಿಸಿದರೂ ಅದರ ಗುಣ ಹೋಗುವುದಿಲ್ಲ. ಹೋಗುವಂತಿದ್ದರೆ ಹಿತ್ತಾಳೆ ಕರಗುವ ಉರಿಯಲ್ಲಿ ಅದು ನಮ್ಮ ಬೆಸುಗೆಗೆ ಉಪಯೋಗಕ್ಕೇ ಬರುತ್ತಿರಲಿಲ್ಲ. ಸಾಲ್ಮನ್ ನಾಡಿನ ಮನೆಗಳಲ್ಲಿ ಗಾಳದ ತತ್ತಿಗೆಂದೇ ಬೇರೆ ಫ್ರಿಜ್ ಇಟ್ಟುಕೊಂಡವರು ಇದ್ದಾರೆಂದು ನನ್ನ ಅಳಿಯ ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಇರುವುದು ಒಂದೇ ಫ್ರಿಜ್, ಅದರಲ್ಲಿಯೇ ಹಾಲು, ಮೊಸರು, ಮಕ್ಕಳ ಔಷಧಿ ಎಲ್ಲವೂ.

ಮನೆಯ ಹೊರಗಿನ ಮಾತೂ ಇದೆ. ಹುಡುಗರು ಸಂಜೆ ಎದ್ದು ಹೋಗುವಾಗ ಉಳಿದ ಎರೆಯನ್ನು ನೀರಿಗೆ ಸುರಿಯುವುದನ್ನು ನೋಡಿದ್ದೇನೆ. ಆರೆಗನ್ ರಾಜ್ಯದ ಸಂಶೋಧಕರು ಹದ ಮಾಡಿದ ತತ್ತಿಯನ್ನು ಸಾಲ್ಮನ್ ಮರಿಗಳಿಗೆ ತಿನ್ನಿಸಿ ಪರೀಕ್ಷಿಸಿದಾಗ ಕೆಲವು ಮರಿಗಳು ಸತ್ತವು. ಅದಕ್ಕೆ ಕಾರಣ ಸೋಡಿಯಂ ಸಲ್ಫೈಟ್ ಎಂದು ಗೊತ್ತಾದ ಮೇಲೆ ಅಲ್ಲಿನ ಪುಡಿ ತಯಾರಕರು ತಮ್ಮ ಮಿಶ್ರಣವನ್ನೇ ತಿದ್ದಿಕೊಳ್ಳಬೇಕಾಯಿತು. ನಮ್ಮ ಹುಡುಗರು ನೋಡುವ ವಿಡಿಯೊಗಳಲ್ಲಿ ಈ ಸಂಗತಿ ಬರುವುದಿಲ್ಲ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲಿಟ್ಟಿದ್ದಾರೆ. ಆ ಪ್ರಾಣಿಗಳು ಬದುಕುವುದು ಇದೇ ನೀರಿನ ಮೀನು ತಿಂದು.

ಹಾಗಾದರೆ ತತ್ತಿಯ ಎರೆಯನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ. ಬಾಳೆ ಮೀನು, ಗಿರ್ಲು, ಚೇಳು ಮೀನುಗಳಂಥವು ಮೀಸೆಯಿಂದಲೂ ವಾಸನೆಯಿಂದಲೂ ಆಹಾರ ಹುಡುಕುವ ಜಾತಿಯವು. ತತ್ತಿಯ ವಾಸನೆ ನೀರಿನಲ್ಲಿ ಹರಡಿದರೆ ಅವು ಬಂದೇ ಬರುತ್ತವೆ. ಅದಕ್ಕೆ ಬಣ್ಣವೂ ಬೇಕಿಲ್ಲ, ಬಿಳಿಗಾರವೂ ಬೇಕಿಲ್ಲ. ಆ ಘಟನೆಯ ನಂತರ ನಾನು ಕಲ್ಲುಪ್ಪನ್ನು ಮಾತ್ರ ಬಳಸುತ್ತಿದ್ದೇನೆ. ಒಂದು ಪಾಲು ಉಪ್ಪಿಗೆ ನಾಲ್ಕು ಪಾಲು ತತ್ತಿ. ಉಪ್ಪನ್ನು ರವೆಯಷ್ಟು ಕುಟ್ಟಿ, ಅಗಲವಾದ ತಟ್ಟೆಯಲ್ಲಿ ತತ್ತಿಯ ಚೀಲಗಳ ಮೇಲೆ ಕೆಳಗೆ ಹರಡಿ, ತಟ್ಟೆಯನ್ನು ಒಂದು ಬದಿಗೆ ವಾಲಿಸಿಟ್ಟರೆ ನೀರು ತಾನಾಗಿ ಬಸಿದು ಕೂಡುತ್ತದೆ. ಮರುದಿನ ಆ ನೀರನ್ನು ಚೆಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಫ್ಯಾನಿನ ಕೆಳಗೆ ಅರ್ಧ ದಿನ ಆರಿಸಬೇಕು. ಬಿಸಿಲಿಗೆ ಹಾಕಬಾರದು, ನಮ್ಮ ಬಿಸಿಲಿಗೆ ಮೇಲಿನ ಪೊರೆ ಕರಟಿ ಒಳಗೆ ಹಸಿಯೇ ಉಳಿಯುತ್ತದೆ, ಮೂರನೆಯ ದಿನಕ್ಕೆ ನಾರುತ್ತದೆ. ಆರಿದ ತುಂಡುಗಳ ನಡುವೆ ಮತ್ತೆ ಉಪ್ಪು ಉದುರಿಸಿ ಗಾಜಿನ ಬಾಟಲಿಗೆ ತುಂಬಿ, "ಗಾಳಕ್ಕೆ" ಎಂದು ದೊಡ್ಡದಾಗಿ ಬರೆದು ಅಂಟಿಸಿ ಇಟ್ಟದ್ದು ನನಗೆ ಎರಡು ತಿಂಗಳು ಬಂದಿದೆ.

ಒಂದು ತೊಡಕು ನಿಜ. ಸಾಲ್ಮನ್ ತತ್ತಿ ದಪ್ಪ, ಅದರ ಪೊರೆ ಗಟ್ಟಿ, ಕೊಕ್ಕೆಗೆ ದಾರದ ಕುಣಿಕೆ ಹಾಕಿ ಬಿಗಿದರೆ ನಿಲ್ಲುತ್ತದೆ. ನಮ್ಮ ರೋಹು, ಕಾಟ್ಲಾ, ಮೃಗಾಲಗಳ ತತ್ತಿ ಸಣ್ಣ ಸಾಸಿವೆಯಷ್ಟು. ನೀರಿಗೆ ಬಿದ್ದೊಡನೆ ಉದುರಿ ಹೋಗುತ್ತದೆ. ಅದಕ್ಕೆ ಹಳೆಯ ಸೊಳ್ಳೆಪರದೆಯನ್ನು ರೂಪಾಯಿ ನಾಣ್ಯದಗಲ ಕತ್ತರಿಸಿ, ಹುಣಸೆಬೀಜದಷ್ಟು ತತ್ತಿಯನ್ನು ನಡುವೆ ಇಟ್ಟು, ಹೊಲಿಗೆಯ ದಾರದಿಂದ ಗಂಟು ಕಟ್ಟಿ ಕೊಕ್ಕೆಗೆ ಸಿಕ್ಕಿಸುತ್ತೇನೆ. ಅಮೆರಿಕದಲ್ಲಿಯೂ ಬಿಡಿ ತತ್ತಿಗಳನ್ನು ಹೀಗೆ ಬಲೆಬಟ್ಟೆಯಲ್ಲಿ ಪೊಟ್ಟಣ ಕಟ್ಟುವ ರೂಢಿಯಿದೆಯೆಂದು ಆಮೇಲೆ ತಿಳಿಯಿತು. ಕೆಲಸ ಮುಗಿದ ಮೇಲೆ ಪರದೆಯ ಚೂರನ್ನು ನೀರಿಗೆಸೆಯದೆ ಜೇಬಿನಲ್ಲಿ ಹಾಕಿಕೊಂಡು ಬರಬೇಕು.

ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ತತ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಶಾಂತಸಾಗರದ ಸಾಲ್ಮನ್‌ಗಳು ಹೊಳೆಗೆ ಬಂದು ಒಂದು ಸಲ ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ನಮ್ಮ ಮೀನುಗಳ ಬಾಳು ಹಾಗಲ್ಲ, ಬದುಕಿ ಉಳಿದರೆ ವರ್ಷವರ್ಷವೂ ತತ್ತಿಯಿಡುತ್ತವೆ. ಮಲೆನಾಡಿನಲ್ಲಿ ಮಳೆ ಹಿಡಿದು ಹೊಸ ಕೆಂಪು ನೀರು ಜಲಾಶಯಕ್ಕೆ ನುಗ್ಗುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗಬ್ಬದ ಮೀನುಗಳು ಹರಿವಿಗೆ ಎದುರಾಗಿ ಮೇಲಕ್ಕೆ ಹೋಗುತ್ತವೆ. ಹೊಳೆ ಜಲಾಶಯಕ್ಕೆ ಸೇರುವ ಕಡೆ ತೆಳುನೀರಿನಲ್ಲಿ ಅವು ಸುಲಭವಾಗಿ ಸಿಗುತ್ತವೆ. ಎರಡು ಕಿಲೋ ತೂಗುವ ಒಂದು ರೋಹುವಿನ ಹೊಟ್ಟೆಯಲ್ಲಿ ನಾಲ್ಕು ಲಕ್ಷದ ಆಸುಪಾಸು ತತ್ತಿಗಳಿರುತ್ತವೆ. ಕಳೆದ ಜುಲೈನಲ್ಲಿ ಒಬ್ಬ ಹುಡುಗ ಅಂಥ ಮೀನೊಂದನ್ನು ಹಿಡಿದು, ದಂಡೆಯ ಕಲ್ಲಿನ ಮೇಲೆ ಹೊಟ್ಟೆ ಸೀಳಿ, ತತ್ತಿಯ ಚೀಲಗಳನ್ನು ಮಾತ್ರ ಡಬ್ಬಿಗೆ ಹಾಕಿಕೊಂಡು, ಮೀನನ್ನು ನಾಯಿಗಳಿಗೆ ಬಿಟ್ಟು ಹೋದ. ಕರೆದು ಬುದ್ಧಿ ಹೇಳಿದೆ, ಕೇಳಿಸಿಕೊಂಡ. ಆದರೆ ಅವನೊಬ್ಬನಿಗೆ ಹೇಳಿದರೆ ಮುಗಿಯುವ ಮಾತು ಇದಲ್ಲ.

ಕೆರೆ ಕಟ್ಟೆಗಳ ನಿಂತ ನೀರಿನಲ್ಲಿ ಈ ಮೀನುಗಳು ತಾವಾಗಿ ತತ್ತಿಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಅವು ತತ್ತಿಯಿಡುವಂತೆ ಮಾಡಿದರು. ಅದರ ನೆನಪಿಗಾಗಿಯೇ ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ. ಅಂದಿನಿಂದ ಇಂದಿನವರೆಗೆ ಎಷ್ಟೋ ಜನರ ದುಡಿಮೆಯಿಂದ ಮರಿಗಳನ್ನು ಬೆಳೆಸಿ ಜಲಾಶಯಕ್ಕೆ ಬಿಡುತ್ತಿರುವಾಗ, ತಾನಾಗಿ ತತ್ತಿಯಿಡಲು ಹೊರಟ ಮೀನನ್ನು ಒಂದು ದಿನದ ಎರೆಗಾಗಿ ಸೀಳುವುದು ಹರಿಗೋಲು ಹಾಕಿ ಬದುಕುವ ಬೆಸ್ತರ ಹೊಟ್ಟೆಯ ಮೇಲೆ ಹೊಡೆದಂತೆ.

ತತ್ತಿಗೆ ಕೊರತೆಯೂ ಇಲ್ಲ. ಮೀನು ಮಾರುವ ಕಡೆ ಹೆಚ್ಚಿ ಕೊಡುವವರ ಮುಂದಿನ ಬುಟ್ಟಿಗಳಲ್ಲಿ, ಗಿರಾಕಿಗಳು ಬೇಡವೆಂದು ಬಿಟ್ಟುಹೋದ ತತ್ತಿ ಕರುಳಿನ ಜೊತೆ ಬಿದ್ದಿರುತ್ತದೆ. ನಾನು ಶನಿವಾರ ಸಂಜೆ ಸ್ಟೀಲ್ ಡಬ್ಬಿ ಕೊಟ್ಟು, ಕರುಳಿನಿಂದ ಬೇರೆ ಮಾಡಿ ನೀರು ಹಾಕದೆ ಇಡಿ ಎಂದು ಹೇಳಿ ಬರುತ್ತೇನೆ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಅವರಿಗೂ ಸಮಾಧಾನ, ನನಗೂ ತಿಂಗಳಿಗಾಗುವಷ್ಟು ಎರೆ.

ಮೀನುಗಾರಿಕೆ ಇಲಾಖೆಯವರೂ ತುಂಗಭದ್ರಾ ಮಂಡಳಿಯವರೂ ಮುಂದಿನ ಮುಂಗಾರಿಗೆ ಮೊದಲು ಹಿನ್ನೀರಿನ ದಂಡೆಗಳಲ್ಲಿ, ಮೀನು ಮಾರುವ ಸ್ಥಳಗಳಲ್ಲಿ ಕನ್ನಡದ ಫಲಕಗಳನ್ನು ಹಾಕಿಸಬೇಕೆಂದು ವಿನಂತಿಸುತ್ತೇನೆ. ಗಬ್ಬದ ಮೀನು ಗಾಳಕ್ಕೆ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಡುವುದು ಹೇಗೆಂದು ಒಂದು ಚಿತ್ರ ಬರೆಸಿದರೆ ಓದು ಬಾರದವರಿಗೂ ತಿಳಿಯುತ್ತದೆ. ಬಿಳಿಗಾರ ಮಾರುವ ಗ್ರಂಥಿಗೆ ಅಂಗಡಿಯವರೂ ನನ್ನಂಥ ಬೆಸುಗೆಯವರೂ ಇಂಥ ಕೆಲಸಕ್ಕೆ ಅದನ್ನು ಕೊಡದಿರೋಣ. ನನ್ನ ಅಂಗಡಿಗೆ ಕೇಳಿಕೊಂಡು ಬರುವ ಹುಡುಗರಿಗೆ ಈಗ ಒಂದು ಪೊಟ್ಟಣ ಕಲ್ಲುಪ್ಪನ್ನೂ ಸೊಳ್ಳೆಪರದೆಯ ಒಂದು ತುಂಡನ್ನೂ ಕೊಟ್ಟು ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಮುನಿರಾಬಾದ್, ಕೊಪ್ಪಳ ಜಿಲ್ಲೆ