ಮಗನ ಕೈಯ ರಬ್ಬರ್ ಬ್ಯಾಂಡ್

ಮಾನ್ಯ ಸಂಪಾದಕರೇ,

ಲೈಂಗಿಕ ಒಲವು ಬದಲಿಸುವ 'ಚಿಕಿತ್ಸೆ' ಬಗ್ಗೆ ಧರ್ಮಗುರುಗಳು, ರಾಜಕಾರಣಿಗಳು ವಾದ ಮಾಡುತ್ತಲೇ ಇದ್ದಾರೆ. ನಾನು ದಿನಾ ಪ್ರಾರ್ಥನೆ ಮಾಡುವ ತಾಯಿ. ಮಗನನ್ನು ಅಂಥ 'ಚಿಕಿತ್ಸೆ' ಕೊಡುವವರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಹುಡುಗರ ಯೋಚನೆ ಬಂದಾಗಲೆಲ್ಲ ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ಬಿಡು ಅಂದರು. ಮೂರು ತಿಂಗಳಲ್ಲಿ ಅಲ್ಲಿನ ಚರ್ಮ ಕೆಂಪಗೆ ಬಾತುಕೊಂಡಿತ್ತು. ಒಲವು ಬದಲಾಗಲಿಲ್ಲ. ನನ್ನ ಜೊತೆ ಮಾತು ಮಾತ್ರ ನಿಂತುಹೋಯಿತು.

ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದ್ದು 1990ರಲ್ಲಿ. ನಂಬಿಕೆಯಿಂದ ಬದಲಿಸಬಹುದು ಎನ್ನುತ್ತಿದ್ದ ಅಮೆರಿಕದ ಕ್ರೈಸ್ತ ಸಂಸ್ಥೆ ಎಕ್ಸೋಡಸ್ ಇಂಟರ್‌ನ್ಯಾಷನಲ್ 2013ರಲ್ಲಿ ಬಾಗಿಲು ಮುಚ್ಚಿತು. ಅದರ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಅವರೂ ದೇವರನ್ನು ನಂಬಿದವರೇ ಅಲ್ವಾ?

ಇಲ್ಲದ ಕಾಯಿಲೆಗೆ ಮದ್ದು ಯಾಕೆ? ಮಕ್ಕಳ ಮೇಲಾದರೂ ಇದನ್ನು ಮಾಡದಂತೆ ಕಾನೂನು ಬೇಕು. ಯುರೋಪಿನ ಮಾಲ್ಟಾ ದೇಶ 2016ರಲ್ಲೇ ತಂದಿದೆ.

– ಒಬ್ಬ ತಾಯಿ